ಮುಖ ನೋಡದವರ ಸಾವಿಗೆ ಮರುಗುವುದು

ಏಪ್ರಿಲ್ 5ರ ಆಸುಪಾಸಿನಲ್ಲಿ ಪ್ರತಿ ವರ್ಷವೂ ಈ ಅಂಕಣಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಕುರಿತು ನಾಲ್ಕಾರು ಪತ್ರಗಳು ಬರುತ್ತವೆ. ಅವರ ಯಾವ ಪುಸ್ತಕವನ್ನು ಮೊದಲು ಓದಬೇಕು, ಯಾವುದು ಮಕ್ಕಳಿಗೆ ಒಪ್ಪುತ್ತದೆ ಎಂದು ಕೇಳುವಂಥವೇ ಅವುಗಳಲ್ಲಿ ಹೆಚ್ಚು. ಈ ಸಲ ಬಂದವುಗಳಲ್ಲಿ ನಾಲ್ಕು ಪತ್ರಗಳು ಒಂದೇ ನೋವನ್ನು ನಾಲ್ಕು ಕಡೆಯಿಂದ ಮುಟ್ಟಿವೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಪುಟಗಳನ್ನು ಪೂರ್ತಿಯಾಗಿ ಇವಕ್ಕೇ ಬಿಟ್ಟುಕೊಡುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಇಬ್ಬರು ಕೋರಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಪಿ.ಯು.ಸಿ. ರಜೆಯಲ್ಲಿ ನನ್ನ ಮಾವ ‘ಕರ್ವಾಲೋ’ ಕೊಟ್ಟರು. ಅದಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಕಳೆದ ತಿಂಗಳು ‘ಮಾಯಾಲೋಕ’ ಮುಗಿಸಿದ ರಾತ್ರಿ, ಇನ್ನು ನಾನು ಓದದೆ ಉಳಿದಿರುವ ಅವರ ಕತೆ ಕಾದಂಬರಿ ಯಾವುದೂ ಇಲ್ಲ ಎಂಬುದು ಹೊಳೆದು ಅಳು ಬಂದುಬಿಟ್ಟಿತು. ಅಮ್ಮ ಗಾಬರಿಯಿಂದ ಬಂದು ಯಾರಿಗೆ ಏನಾಯಿತು ಎಂದು ಕೇಳಿದರು. ತೇಜಸ್ವಿ ತೀರಿಕೊಂಡರು ಎಂದೆ. ಅದಾಗಿ ಎಷ್ಟು ವರ್ಷವಾಯಿತು, ನೀನಾಗ ಎರಡು ವರ್ಷದ ಕೂಸು ಎಂದು ಅವರು ನಕ್ಕರು. ಗೆಳತಿಯರೂ ನಕ್ಕರು. ಆದರೆ ನನ್ನ ಯೋಚನೆಯನ್ನು ರೂಪಿಸಿದವರು ತೇಜಸ್ವಿಯವರೇ. ಮುಖವನ್ನೇ ನೋಡದ, ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡ ಒಬ್ಬ ಲೇಖಕರಿಗಾಗಿ ಈಗ ದುಃಖಿಸುವುದು ನಾಟಕವೇ?

— ಓದುಗರು, ಸಕಲೇಶಪುರ

ಉತ್ತರ: ನಾಟಕವಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ರೂಢಿಯಿದೆ. ದೂರದ ಊರಿನಲ್ಲಿ ತೀರಿಕೊಂಡ ಬಂಧುವಿನ ಸುದ್ದಿ ತಿಂಗಳುಗಟ್ಟಲೆ ತಡವಾಗಿ ಬಂದರೂ, ಕಿವಿಗೆ ಬಿದ್ದ ಗಳಿಗೆಯಲ್ಲಿ ಮನೆಯವರು ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಅವರು ಸತ್ತು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿ ಆ ಸ್ನಾನವನ್ನು ಯಾರೂ ಬಿಡುವುದಿಲ್ಲ. ಸಾವು ಆದ ದಿನ ಒಂದಾದರೆ ಅದು ನಮ್ಮ ಮನೆಗೆ ಬಂದು ಮುಟ್ಟುವ ದಿನ ಇನ್ನೊಂದು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ತೇಜಸ್ವಿಯವರು 2007ರ ಏಪ್ರಿಲ್ 5ರ ಮಧ್ಯಾಹ್ನ, ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ನಿಮ್ಮ ಪಾಲಿಗೆ ಮಾತ್ರ ಅವರು ಕಳೆದ ತಿಂಗಳವರೆಗೂ ಬರೆಯುತ್ತಲೇ ಇದ್ದರು. ಒಂದು ಪುಸ್ತಕ ಮುಗಿದರೆ ಇನ್ನೊಂದು ನಿಮಗಾಗಿ ಕಾದಿರುತ್ತಿತ್ತು. ಕಾದಿರುವ ಪುಸ್ತಕ ಮುಗಿದುಹೋದ ರಾತ್ರಿ ನಿಮ್ಮ ಮನೆಗೆ ಸುದ್ದಿ ಬಂದಿತು, ಅಷ್ಟೆ.

ನೀವು ‘ಮಾಯಾಲೋಕ’ದ ಹೊದಿಕೆಯನ್ನು ಗಮನಿಸಿ ನೋಡಿರಬೇಕು. ಹೆಸರಿನ ಪಕ್ಕದಲ್ಲಿ ಒಂದು ಅಂಕಿಯಿದೆ: ಒಂದು. ಎರಡನೆಯದು ಬರಲಿಲ್ಲ. ನನ್ನ ಮೇಜಿನ ಎದುರಿನ ಕಪಾಟಿನಲ್ಲಿ ಆ ಪುಸ್ತಕದ ಬೆನ್ನು ಕಾಣುವಂತೆ ಇಟ್ಟುಕೊಂಡಿದ್ದೇನೆ. ಅವರ ಕುರಿತು ಬಂದಿರುವ ಎಷ್ಟೋ ಶ್ರದ್ಧಾಂಜಲಿಗಳನ್ನು ಓದಿದ್ದೇನೆ, ನಾನೂ ಬರೆದಿದ್ದೇನೆ, ಆದರೆ ಆ ಒಂದು ಅಂಕಿ ಹೇಳುವಷ್ಟನ್ನು ಅವು ಯಾವುವೂ ಹೇಳುವುದಿಲ್ಲ. ಲೇಖಕರೊಬ್ಬರು ಹೋದಾಗ ಓದುಗರು ಕಳೆದುಕೊಳ್ಳುವುದು ಬರೆದು ಮುಗಿಸಿದ್ದನ್ನಲ್ಲ, ಅದು ಕಪಾಟಿನಲ್ಲಿ ಇದ್ದೇ ಇರುತ್ತದೆ. ನಾಳೆ ಊರಿಗೆ ಹೊಸದೊಂದು ಸಂಗತಿ ಬಂದಾಗ ಅವರು ಅದನ್ನು ಯಾವ ಕಡೆಯಿಂದ ನೋಡುತ್ತಿದ್ದರು ಎಂಬ ಕುತೂಹಲಕ್ಕೆ ಇನ್ನು ಉತ್ತರ ಬರುವುದಿಲ್ಲವಲ್ಲ, ಆ ಕೊರತೆ ಮಾತ್ರ ಯಾವ ಮರುಮುದ್ರಣದಿಂದಲೂ ತುಂಬುವಂಥದ್ದಲ್ಲ.

ಅವರು ನಿಮ್ಮ ಯೋಚನೆಯನ್ನು ರೂಪಿಸಿದರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಹೇಗೆ ಎಂದು ಬರೆದಿಲ್ಲ. ನನಗೆ ಹೇಗೆ ಎಂದು ಹೇಳುತ್ತೇನೆ. ನಿಮ್ಮದನ್ನು ನೀವು ಪಕ್ಕಕ್ಕಿಟ್ಟು ನೋಡಿ. 1980ರಲ್ಲಿ ಬಂದ ‘ಕರ್ವಾಲೋ’ದಲ್ಲಿ ಮಂದಣ್ಣನೆಂಬ ಹುಡುಗನಿದ್ದಾನೆ. ಊರಿನ ಲೆಕ್ಕದಲ್ಲಿ ಅವನು ಯಾವುದಕ್ಕೂ ಬಾರದವನು. ಆದರೆ ಕರ್ವಾಲೋ ಎಂಬ ವಿಜ್ಞಾನಿ ಆ ಹುಡುಗನಲ್ಲಿ ಹುಟ್ಟಿನಿಂದಲೇ ಬಂದ ಜೀವಿಶಾಸ್ತ್ರದ ಕಣ್ಣನ್ನು ಗುರುತಿಸುತ್ತಾರೆ, ಹಾರುವ ಓತಿಯನ್ನು ಕಾಡಿನಲ್ಲಿ ಕಂಡವನು ಅವನೇ ಎಂದು ಅವನ ಮಾತಿಗೆ ಬೆಲೆ ಕೊಡುತ್ತಾರೆ. ಇದನ್ನು ಓದುವವರೆಗೆ, ನಮ್ಮ ಅಜ್ಜನ ಮನೆಗೆ ವರ್ಷಕ್ಕೊಮ್ಮೆ ಜೇನು ಕೀಳಲು ಬರುತ್ತಿದ್ದ ಮುದುಕರನ್ನು ನಾನು ಜೇನು ತರುವವರಾಗಿ ಮಾತ್ರ ನೋಡಿದ್ದೆ. ಅವರು ಜಗಲಿಯ ತುದಿಯಲ್ಲಿ ಕುಳಿತು ಕಾಫಿ ಕುಡಿದು ಹೋಗುತ್ತಿದ್ದರು, ನಾವು ಮಕ್ಕಳು ಜೇನಿನ ಪಾತ್ರೆಯ ಸುತ್ತ ಇರುತ್ತಿದ್ದೆವು. ಓದಿದ ಮೇಲಿನ ಬೇಸಿಗೆಯಲ್ಲಿ ಮೊದಲ ಬಾರಿಗೆ ಅವರ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದೆ. ಹೆಜ್ಜೇನು, ತುಡುವೆ, ಕೋಲುಜೇನು ಇವುಗಳ ಗೂಡು ಹೇಗೆ ಬೇರೆ ಬೇರೆ, ಯಾವುದು ಬಯಲಲ್ಲಿ ಕಟ್ಟುತ್ತದೆ, ಯಾವುದು ಪೊಟರೆ ಹುಡುಕುತ್ತದೆ ಎಂದು ಅವರು ಬೆರಳಿನಿಂದ ನೆಲದ ಮೇಲೆ ಗೀಚಿ ತೋರಿಸಿದರು. ಆಮೇಲೆ ಎದ್ದು, ನಾನು ಹುಟ್ಟಿದಾಗಿನಿಂದ ಒರಗಿಕೊಂಡು ಆಡಿದ್ದ ಮಣ್ಣಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಕಿಟಕಿಯ ಕೆಳಗೆ ಬೆರಳ ಗಾತ್ರದ ಒಂದು ಕಪ್ಪು ಮೇಣದ ಕೊಳವೆಯನ್ನು ತೋರಿಸಿದರು. ಅದರ ಬಾಯಲ್ಲಿ ಸಾಸಿವೆಗಿಂತ ಕೊಂಚ ದೊಡ್ಡದಾದ ಹುಳುಗಳು ಕಾವಲು ನಿಂತಿದ್ದವು. ಚುಚ್ಚಲು ಮುಳ್ಳಿಲ್ಲದ ನಸರಿ ಜೇನು. ಅವು ನಮ್ಮ ಗೋಡೆಯೊಳಗೆ ನನಗಿಂತ ಹಳಬರಾಗಿ ಬಾಳುತ್ತಿದ್ದವು.

ಯೋಚನೆ ರೂಪುಗೊಳ್ಳುವುದು ಎಂದರೆ ನನ್ನ ಅನುಭವದಲ್ಲಿ ಇಷ್ಟೇ: ಜಗಲಿಯ ತುದಿಯಲ್ಲಿ ಕುಳಿತವರ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳುವಂತೆ ಯಾರೋ ನಮ್ಮನ್ನು ಎಬ್ಬಿಸಿ ಕಳುಹಿಸುವುದು. ಹಾಗೆ ಕಳುಹಿಸಿದವರು ಹೋದರೆಂದು ತಿಳಿದಾಗ ಅಳು ಬರುವುದು ಸಹಜವಾದದ್ದು. ನಿಮ್ಮ ಅಮ್ಮನವರ ನಗುವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರು ಗಾಬರಿ ಕಳೆದ ನಿರಾಳದಲ್ಲಿ ನಕ್ಕಿರುತ್ತಾರೆ. ಒಂದು ಸಂಜೆ ‘ಪರಿಸರದ ಕತೆ’ಯಿಂದ ಒಂದು ಅಧ್ಯಾಯವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ಪ್ರಶ್ನೆ: ನನಗೀಗ 59 ವರ್ಷ. ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದೇನೆ. 1990ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾಗ ಒಂದು ಭಾನುವಾರ ತೇಜಸ್ವಿಯವರನ್ನು ನೋಡಲೇಬೇಕೆಂದು ಮೂಡಿಗೆರೆಗೆ ಹೋದೆ. ಅವರ ತೋಟದ ದಾರಿಯವರೆಗೂ ನಡೆದೆ. ಕೆಲಸವಿಲ್ಲದೆ ಬರುವವರನ್ನು ಅವರು ಗದರಿಸಿ ಕಳುಹಿಸುತ್ತಾರೆ ಎಂದು ಯಾರೋ ಹೇಳಿದ್ದು ನೆನಪಾಗಿ, ಅಲ್ಲಿಯೇ ಕಾಲು ಗಂಟೆ ನಿಂತು, ಒಯ್ದಿದ್ದ ಪುಸ್ತಕವನ್ನು ಚೀಲದಿಂದ ತೆಗೆಯದೆಯೇ ಹಿಂದಿರುಗಿದೆ. ಇನ್ನೊಮ್ಮೆ ಹೋದರಾಯಿತು ಎಂದುಕೊಂಡೆ. ಆ ಇನ್ನೊಮ್ಮೆ ಬರಲಿಲ್ಲ. ನನ್ನ ಬದುಕನ್ನು ತಿದ್ದಿದವರಿಗೆ ಒಂದು ಮಾತು ಹೇಳಲಿಲ್ಲವಲ್ಲ ಎಂಬ ಕೊರಗು ಇಷ್ಟು ವರ್ಷವಾದರೂ ಹೋಗಿಲ್ಲ. ಇದಕ್ಕೆ ಪರಿಹಾರವಿದೆಯೇ?

— ಓದುಗರು, ದಾವಣಗೆರೆ

ಉತ್ತರ: ಕೊರಗು ಹೋಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾಗಿಲವರೆಗೆ ಹೋಗಿ ಹಿಂದಿರುಗಿದ್ದರ ನೋವು, ಹೋಗದೆಯೇ ಇದ್ದವರ ನೋವಿಗಿಂತ ಹೆಚ್ಚೇ ಇರುತ್ತದೆ. ನೀವು ಒಳಗೆ ಹೋಗಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ಗದರಿಸಿದ್ದರೂ ಆ ಗದರಿಕೆ ಇವತ್ತು ನಿಮ್ಮ ಬಳಿ ಇರುತ್ತಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಕೃತಜ್ಞತೆಯನ್ನು ಬದುಕಿರುವಾಗಲೇ ಹೇಳಿ ಮುಗಿಸಲಾಗದೆ ಉಳಿಸಿಕೊಂಡವರಲ್ಲಿ ನೀವು ಒಬ್ಬರೇ ಅಲ್ಲ, ನಮ್ಮ ಭಾಷೆಯ ದೊಡ್ಡವರೂ ಇದ್ದಾರೆ. ತೇಜಸ್ವಿಯವರ ತಂದೆ ಕುವೆಂಪು ಅವರಿಗೆ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಗುರುಗಳಾಗಿದ್ದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯುತ್ತಿದ್ದ ಕಾಲದಲ್ಲಿಯೇ, 1939ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು. ಕಾವ್ಯ ಅಚ್ಚಾಗಿ ಹೊರಬಂದದ್ದು ಅದಾದ ಹತ್ತು ವರ್ಷಕ್ಕೆ. ಅದರ ಮೊದಲ ಪುಟಗಳನ್ನು ತೆರೆದು ನೋಡಿ. ಗುರುಗಳು ಎದುರಿಗೆ ಕುಳಿತಿದ್ದಾರೋ ಎಂಬಂತೆ, ಮುಗಿಸಿ ತಂದಿದ್ದೇನೆ, ಒಪ್ಪಿಸಿಕೊಳ್ಳಿ ಎಂಬ ಧಾಟಿಯಲ್ಲಿ ಕವಿ ಮಾತನಾಡುತ್ತಾರೆ. ಅರ್ಪಣೆಯನ್ನು ಸ್ವೀಕರಿಸಬೇಕಾದವರು ಇಲ್ಲ ಎಂಬುದು ಗೊತ್ತಿದ್ದೂ ಆ ಮಾತನ್ನು ನೇರವಾಗಿ ಅವರಿಗೇ ಹೇಳಿರುವುದರಲ್ಲಿ, ಇಡೀ ಮಹಾಕಾವ್ಯದ ಹೆಬ್ಬಾಗಿಲಲ್ಲೇ ಒಬ್ಬ ಶಿಷ್ಯನ ಕಣ್ಣೀರು ನಿಂತಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಮುಂದಿನ ತಲೆಮಾರಿನಲ್ಲಿ ಅದೇ ಸಂಗತಿ ಬೇರೊಂದು ದನಿಯಲ್ಲಿ ಬಂದಿತು. ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡು ಕುಪ್ಪಳಿಯ ಕವಿಶೈಲದ ಮಣ್ಣಾದರು. ಮಕ್ಕಳು ಅವರನ್ನು ಕರೆಯುತ್ತಿದ್ದುದು ‘ಅಣ್ಣ’ ಎಂದು. ತೇಜಸ್ವಿಯವರ ‘ಅಣ್ಣನ ನೆನಪು’ 1996ರಲ್ಲಿ ಪುಸ್ತಕವಾಯಿತು. ತಂದೆಯನ್ನೂ, ತನ್ನ ಆಲೋಚನೆಗೆ ಅಡಿಪಾಯ ಹಾಕಿದ ಲೇಖಕರನ್ನೂ ಒಟ್ಟಿಗೆ ಕಳೆದುಕೊಂಡ ಮಗ ಬರೆದ ಆ ಪುಸ್ತಕದಲ್ಲಿ ಗೋಳಾಟವನ್ನು ಹುಡುಕಿದರೆ ಸಿಗುವುದಿಲ್ಲ. ಮೈಸೂರಿನ ಮನೆ ‘ಉದಯರವಿ’ಯ ದಿನಗಳು, ಹುಡುಗರ ಪುಂಡಾಟಗಳು, ಆ ಪುಂಡಾಟಗಳ ನಡುವೆ ಒಬ್ಬ ಮಹಾಕವಿ ಮನೆಯ ಯಜಮಾನನಾಗಿ ಪಟ್ಟ ಪಾಡು, ಇವೆಲ್ಲ ನಗು ಉಕ್ಕುವಂತೆ ಬರುತ್ತವೆ. ಮೊದಲ ಸಲ ಓದಿದಾಗ ಇದೇನು, ತಂದೆಯ ನೆನಪನ್ನು ಇಷ್ಟು ಹಗುರವಾಗಿ ಬರೆದಿದ್ದಾರಲ್ಲ ಎನ್ನಿಸಿತ್ತು. ನನ್ನ ತಂದೆಯನ್ನು ಕಳೆದುಕೊಂಡ ಮೇಲೆ ಇನ್ನೊಮ್ಮೆ ಓದಿದೆ. ನಾಡಿಗೆಲ್ಲ ಸೇರಿದ ಒಬ್ಬ ಕವಿಯನ್ನು ಪ್ರತಿಮೆಯಾಗಲು ಬಿಡದೆ, ಮನೆಯೊಳಗೆ ನಡೆದಾಡುವ, ರೇಗುವ, ಮಕ್ಕಳ ಮಾತಿಗೆ ಸೋಲುವ ಮನುಷ್ಯನಾಗಿ ಕೈಹಿಡಿದು ಉಳಿಸಿಕೊಳ್ಳಲು ಆ ಮಗ ಎಷ್ಟು ಶ್ರಮಪಟ್ಟಿದ್ದಾರೆ ಎಂಬುದು ಆಗ ಗೊತ್ತಾಯಿತು.

ಬರೆಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ, ನಿಮಗೆ ನಾನು ಪುಸ್ತಕ ಬರೆಯಿರಿ ಎಂದು ಹೇಳುತ್ತಿಲ್ಲ. ಆ ಭಾನುವಾರದ ಕಾಲು ಗಂಟೆಯನ್ನು ಒಂದು ಪುಟದಲ್ಲಿ ಬರೆದಿಡಿ. ದಾರಿಯಲ್ಲಿ ಏನು ಕಂಡಿತು, ಕಾಫಿ ಗಿಡಗಳಲ್ಲಿ ಹೂವಿತ್ತೇ ಹಣ್ಣಿತ್ತೇ, ಚೀಲದಲ್ಲಿದ್ದ ಪುಸ್ತಕ ಯಾವುದು, ಅವರು ಎದುರಾಗಿದ್ದರೆ ಯಾವ ಮಾತಿನಿಂದ ಆರಂಭಿಸಬೇಕೆಂದಿದ್ದಿರಿ ಎಂಬುದನ್ನೆಲ್ಲ ಬರೆಯಿರಿ. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಜೊತೆಗೆ ಅವರ ಪತ್ನಿ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು ಓದಿರದಿದ್ದರೆ ಓದಿ. ಅಂದು ನೀವು ಒಳಗೆ ಹೋಗಿದ್ದರೆ ಹೆಚ್ಚೆಂದರೆ ಜಗಲಿಯನ್ನೂ ಒಂದು ಲೋಟ ಕಾಫಿಯನ್ನೂ ಕಾಣುತ್ತಿದ್ದಿರಿ. ಮದುವೆಗೂ ಹಿಂದಿನ ದಿನಗಳಿಂದ ಹಿಡಿದು ಆ ಬದುಕನ್ನು ಒಳಗಿನಿಂದ ಕಂಡವರು ಬರೆದ ಪುಸ್ತಕ ಅದು. ಆ ತಾಯಿಯೂ 2021ರಲ್ಲಿ ತೀರಿಕೊಂಡರು.

ಮತ್ತೊಂದು ಮಾತು. ನಿಮಗೆ ಇಷ್ಟವಾದ ಲೇಖಕರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರಲ್ಲವೇ? ಈ ವಾರವೇ ಅವರಿಗೆ ಒಂದು ಕಾರ್ಡು ಹಾಕಿ.

ಪ್ರಶ್ನೆ: ನನ್ನದು ದುಃಖವೋ ಸಿಟ್ಟೋ ನನಗೇ ತಿಳಿಯದು. ತೇಜಸ್ವಿಯವರನ್ನು ಓದಿ, ವಿಶೇಷವಾಗಿ ‘ಸಹಜ ಕೃಷಿ’ಯನ್ನು ಓದಿ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿನ ಮೂರು ಎಕರೆಗೆ ಹೋದೆ. ಉಳುಮೆ ಬೇಡ, ಗೊಬ್ಬರ ಬೇಡ ಎಂದು ಹಟ ಹಿಡಿದೆ. ನಾಲ್ಕು ವರ್ಷದಲ್ಲಿ ಕೈಯಲ್ಲಿದ್ದ ಹಣ ಕರಗಿತು, ಅಪ್ಪನ ಕಣ್ಣಿನಲ್ಲಿ ಸಣ್ಣವನಾದೆ, ಈಗ ಮತ್ತೆ ಬೆಂಗಳೂರಿನಲ್ಲಿದ್ದೇನೆ. ಅವರ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ್ದೇನೆ. ಅವರು ಬದುಕಿದ್ದರೆ ಹೋಗಿ ಜಗಳವಾಡಬಹುದಿತ್ತು. ಇಲ್ಲದವರ ಜೊತೆ ಜಗಳವಾಡುವುದು ಹೇಗೆ? ಅವರ ಮಾತನ್ನು ಈಗ ಒಪ್ಪದಿರುವುದು ದ್ರೋಹವೇ?

— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾಲ್ಕು ವರ್ಷದ ದುಡಿಮೆ, ಹಣ, ಅಪ್ಪನ ಎದುರಿನ ಮಾನ ಇವನ್ನು ಪಣವಿಟ್ಟು ಒಂದು ವಿಚಾರವನ್ನು ಪರೀಕ್ಷಿಸಿದವರು ನೀವು. ಅವರನ್ನು ವೇದಿಕೆಯ ಮೇಲೆ ಹೊಗಳಿ ಮನೆಗೆ ಹೋಗುವ ನನ್ನಂಥವರಿಗಿಂತ ನೀವು ಅವರನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಂಡಿದ್ದೀರಿ. ದ್ರೋಹ ಎಂಬ ಮಾತು ನಿಮಗೆ ಅನ್ವಯಿಸುವುದಿಲ್ಲ.

ಜಗಳದ ವಿಷಯಕ್ಕೆ ಬರೋಣ. ‘ಸಹಜ ಕೃಷಿ’ ಜಪಾನಿನ ಮಸನೊಬು ಫುಕುವೊಕಾ ಅವರ ವಿಚಾರಗಳನ್ನು ಕನ್ನಡದ ರೈತರ ಮುಂದಿಟ್ಟ ಪುಸ್ತಕ. ಫುಕುವೊಕಾ ಅವರದು ಶಿಕೊಕು ದ್ವೀಪದ ಭತ್ತದ ಗದ್ದೆ ಮತ್ತು ಕಿತ್ತಳೆ ಜಾತಿಯ ಹಣ್ಣಿನ ತೋಟ. ಅಲ್ಲಿನ ಮಳೆ, ಮಣ್ಣು, ಕಳೆ ಎಲ್ಲವೂ ಬೇರೆ. ಅವರು ಕೂಡ ಆರಂಭದಲ್ಲಿ ತಂದೆಯ ತೋಟದ ಗಿಡಗಳನ್ನು ಸವರದೆ ಸುಮ್ಮನೆ ಬಿಟ್ಟು, ಆ ಗಿಡಗಳನ್ನು ಕಳೆದುಕೊಂಡಿದ್ದನ್ನು ತಾವೇ ಬರೆದುಕೊಂಡಿದ್ದಾರೆ. ಆಮೇಲೆ ಹಲವು ದಶಕಗಳ ಕಾಲ ಒಂದೇ ನೆಲವನ್ನು ನೋಡುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ ಅವರ ಪದ್ಧತಿ ರೂಪುಗೊಂಡಿತು. ಒಂದು ನೆಲದ ಕೊನೆಯ ಪುಟವನ್ನು ಇನ್ನೊಂದು ನೆಲದ ಮೊದಲ ಪುಟವಾಗಿ ಓದಿದರೆ ಆಗುವ ನಷ್ಟವೇ ನಿಮಗೂ ಆಗಿದೆ ಎಂದು ನನ್ನ ಊಹೆ. ತಪ್ಪಿದ್ದರೆ ಬರೆಯಿರಿ, ಪ್ರಕಟಿಸುತ್ತೇನೆ. ತೇಜಸ್ವಿಯವರು ಮೈಸೂರಿನಲ್ಲಿ ಓದು ಮುಗಿಸಿ ಮೂಡಿಗೆರೆಯ ಕಡೆಗೆ ಹೋಗಿ ಕಾಫಿ ತೋಟ ಮಾಡಿದವರು, ಮಲೆನಾಡಿನಲ್ಲಿ ಹುಟ್ಟಿದವರು. ಅವರ ನಿರ್ಧಾರ ಅವರ ಮೈಗೆ ಅಳತೆ ತೆಗೆದು ಹೊಲಿದ ಅಂಗಿ. ಅದನ್ನು ತೊಟ್ಟುಕೊಳ್ಳಿ ಎಂದು ಅವರು ಹೇಳಿದ್ದರೇ ಎಂಬುದನ್ನು ಅಟ್ಟದಿಂದ ಪುಸ್ತಕ ಇಳಿಸಿ ಒಮ್ಮೆ ನೋಡಿ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅವರ ಬದುಕಿನಲ್ಲಿಯೇ ಇದೆ. ಅವರು ನವ್ಯ ಎಂಬ ಸಾಹಿತ್ಯ ಪಂಥದ ಕಾಲದಲ್ಲಿ ಬರೆಯಲು ತೊಡಗಿದವರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಪ್ರಕಟಿಸಿದಾಗ ಅದರ ಮುನ್ನುಡಿಯಲ್ಲಿ, ನವ್ಯದ ದಾರಿ ತನಗಿನ್ನು ಸಾಲದು ಎಂದು ಬಹಿರಂಗವಾಗಿ ಹೇಳಿ ಹೊರಬಂದರು. ತನ್ನ ಮೇಲೆ ಗಾಢವಾದ ಪರಿಣಾಮ ಮಾಡಿದವರೆಂದು ಅಲ್ಲಿ ಅವರು ಹೆಸರಿಸಿದ್ದು ಮೂವರನ್ನು: ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, ಕುವೆಂಪು, ಶಿವರಾಮ ಕಾರಂತ. ಈಗ ಅವರು ಬರೆದದ್ದನ್ನು ನೋಡಿ. ಲೋಹಿಯಾರನ್ನು ಮೆಚ್ಚಿದವರು ಚುನಾವಣೆಗೆ ನಿಲ್ಲಲಿಲ್ಲ. ಕುವೆಂಪು ಅವರ ಮಗ ಮಹಾಕಾವ್ಯ ಬರೆಯಲಿಲ್ಲ, ಆ ಸಂಸ್ಕೃತಭೂಯಿಷ್ಠ ಭಾಷೆಯನ್ನೂ ಮುಟ್ಟಲಿಲ್ಲ. ತಮ್ಮ ಪುಸ್ತಕಗಳಲ್ಲಿ ಬರುವ ಮಾರ, ಪ್ಯಾರರ ಬಾಯಿಯ ಕನ್ನಡವನ್ನೇ ಸಾಕೆಂದುಕೊಂಡರು. ಆದರೆ ತಂದೆಯ ವಿಚಾರವನ್ನು ಒರೆಗೆ ಹಚ್ಚಬೇಕಾದಲ್ಲಿ ಹಿಂಜರಿಯಲಿಲ್ಲ. ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯದ ಮದುವೆ ಆರಂಭವಾದದ್ದು 1966ರಲ್ಲಿ ಅವರ ಮದುವೆಯಿಂದಲೇ. ಮೂವರಿಂದ ರೂಪುಗೊಂಡು ಮೂವರ ಹಾಗೂ ಆಗದೆ ಉಳಿದವರು ಅವರು. ಅಂಥವರನ್ನು ಮೆಚ್ಚಿ, ಅವರ ಒಂದು ಮಾತನ್ನು ನೆಲಕ್ಕಿಳಿದು ಪರೀಕ್ಷಿಸಿ, ಇದು ನನ್ನ ಹೊಲದಲ್ಲಿ ನಡೆಯಲಿಲ್ಲ ಎಂದು ನೀವು ಹೇಳಿದರೆ, ಅವರ ಸಾಲಿನಲ್ಲಿಯೇ ನಿಂತು ಹೇಳುತ್ತೀರಿ.

ಹಾಗೆಂದು ನಿಮ್ಮ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ, ಇದನ್ನೆಲ್ಲ ನನ್ನ ತಲೆಗೆ ಕಟ್ಟಿ ಹೊರಟುಹೋದೆಯಲ್ಲ ಎಂದು ನಮ್ಮ ಹೆಂಗಸರು ಹಾಡಿ ಅಳುತ್ತಾರೆ. ಆ ಬೈಗುಳ ಅಳುವಿನ ಒಂದು ಭಾಗವೇ ಹೊರತು ಅದರ ಎದುರಾಳಿಯಲ್ಲ. ಆ ನಾಲ್ಕು ವರ್ಷಗಳಲ್ಲಿ ನೀವು ಕಂಡದ್ದನ್ನು, ಯಾವ ಬೆಳೆ ಯಾವ ತಿಂಗಳಲ್ಲಿ ಕೈಕೊಟ್ಟಿತು, ಯಾವ ಕಳೆ ಮೇಲೆದ್ದಿತು, ಎಷ್ಟು ಖರ್ಚಾಯಿತು ಎಂಬ ವಿವರಗಳೊಂದಿಗೆ ನಮ್ಮ ಪತ್ರಿಕೆಗೆ ಬರೆದು ಕಳುಹಿಸಿ. ಊರಿಗೆ ಮರಳಬೇಕೆಂದು ಕನಸು ಕಾಣುತ್ತಿರುವ ನಿಮ್ಮ ವಯಸ್ಸಿನವರು ಬಹಳ ಮಂದಿ ಇದ್ದಾರೆ, ಅವರಿಗೆ ಅದು ಬೇಕು. ತೇಜಸ್ವಿಯವರ ಜೊತೆಗಿನ ನಿಮ್ಮ ಜಗಳಕ್ಕೂ ಅದೇ ತಕ್ಕ ಜಾಗ.

ಪ್ರಶ್ನೆ: ನಾನು ಪ್ರೌಢಶಾಲೆಯ ಅಧ್ಯಾಪಕ. ಮುಂದಿನ ಏಪ್ರಿಲ್ 5ರಂದು ಮಕ್ಕಳನ್ನು ಸೇರಿಸಿ ತೇಜಸ್ವಿಯವರ ನೆನಪಿನ ದಿನ ಮಾಡಬೇಕೆಂದಿದ್ದೇನೆ. ಭಾವಚಿತ್ರ, ಹಾರ, ಭಾಷಣ ಇವನ್ನು ಅವರು ಮೆಚ್ಚುತ್ತಿರಲಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಹಾಗಾದರೆ ಏನು ಮಾಡಬೇಕು?

— ಓದುಗರು, ಶಿಕಾರಿಪುರ

ಉತ್ತರ: ಹಾರ ಹಾಕಿದರೆ ಅಪರಾಧವೇನೂ ಆಗುವುದಿಲ್ಲ, ಮಕ್ಕಳಿಗೆ ಅವರ ಮುಖ ಗೊತ್ತಾಗಲಿ. ಭಾಷಣವನ್ನು ಮಾತ್ರ ಬಿಡಿ. ಬೆಳಗಿನ ಹೊತ್ತು ಮಕ್ಕಳನ್ನು ಶಾಲೆಯ ಹಿಂದಿನ ಮರಗಳ ಕೆಳಗೆ ಒಂದು ಗಂಟೆ ಮಾತಿಲ್ಲದೆ ಕೂರಿಸಿ, ಕಂಡ ಹಕ್ಕಿ, ಹುಳುಗಳನ್ನು ಬರೆದುಕೊಳ್ಳಲು ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ, ಕೂಗು ಬರೆದರೆ ಸಾಕು. ಆಮೇಲೆ ಅವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕವನ್ನು ನಡುವೆ ಇಟ್ಟು ಹೋಲಿಸಿ ನೋಡಲಿ. ವರ್ಷದ ಯಾವುದಾದರೂ ರಜೆಯಲ್ಲಿ ಕೊಟ್ಟಿಗೆಹಾರದಲ್ಲಿರುವ ತೇಜಸ್ವಿ ಪ್ರತಿಷ್ಠಾನಕ್ಕೋ ಕುಪ್ಪಳಿಗೋ ಕರೆದುಕೊಂಡು ಹೋಗುವುದಾದರೆ ಇನ್ನೂ ಒಳ್ಳೆಯದು.

ಕಳೆದ ವರ್ಷ ಆ ದಿನ ನಾನು ಏನು ಮಾಡಿದೆ ಎಂದು ಹೇಳಿದರೆ ನಿಮಗೆ ಉಪಯೋಗವಾಗಬಹುದು. ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಬಂಧುಗಳ ಮನೆಯಲ್ಲಿದ್ದೆ. ‘ಕರ್ವಾಲೋ’ದ ಹಾರುವ ಓತಿ ಕಾಲದ ಆಳದಿಂದ ಎದ್ದು ಬಂದ ಪವಾಡದಂತೆ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಅದನ್ನು ಬೆನ್ನಟ್ಟಿದವರೆಲ್ಲ ಬಂಡೆಯ ಅಂಚಿನಲ್ಲಿ ನಿಂತಿರುವಾಗ ಅದು ಕಣಿವೆಗೆ ತೇಲಿ ಮರೆಯಾಗಿಬಿಡುತ್ತದೆ. ಆದರೆ ಆ ಜೀವಿ ನಮ್ಮ ಮಲೆನಾಡಿನ, ಕರಾವಳಿಯ ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಎಷ್ಟೋ ವರ್ಷ ತೋಟಗಳಲ್ಲಿ ತಿರುಗಾಡಿಯೂ ನಾನು ಅದನ್ನು ಕಂಡಿರಲಿಲ್ಲ. ಅಂದು ಹತ್ತು ಗಂಟೆಯ ಹೊತ್ತಿಗೆ ತೋಟಕ್ಕೆ ಇಳಿದು, ಒಂದು ಸಾಲಿನ ಎದುರು ಕುಳಿತೆ. ಮುಕ್ಕಾಲು ಗಂಟೆ ಏನೂ ಇಲ್ಲ. ಬಿದ್ದ ಹಾಳೆಗಳ ಮೇಲೆ ಇರುವೆ ಸಾಲು, ಎಲ್ಲೋ ದೂರದಲ್ಲಿ ಕುಟ್ರು ಹಕ್ಕಿಯ ಕೂಗು. ಆಮೇಲೆ ಎದುರಿನ ಮರದ ಕಾಂಡದಲ್ಲಿ, ನಾನು ಅಷ್ಟು ಹೊತ್ತು ನೋಡುತ್ತಲೇ ಇದ್ದ ಜಾಗದಲ್ಲಿ, ತೊಗಟೆಯ ಒಂದು ಭಾಗ ನಿಂಬೆಹಣ್ಣಿನ ಬಣ್ಣದ ಚಿಕ್ಕದೊಂದು ಬಾವುಟವನ್ನು ಬಿಚ್ಚಿ ಮಡಚಿತು. ಗಂಡು ಓತಿಯ ಗಂಟಲ ಚೀಲ. ಬೂದುಗಂದು ಮೈ, ಗೇಣಿಗಿಂತ ಕೊಂಚ ಕಡಿಮೆ ಉದ್ದ, ಕಾಂಡಕ್ಕೆ ಅಂಟಿ ಕುಳಿತರೆ ತೊಗಟೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಬಾವುಟ ಇನ್ನೆರಡು ಸಲ ಬಿಚ್ಚಿತು. ಅದು ನಾಲ್ಕು ಹೆಜ್ಜೆ ಮೇಲೇರಿ, ತಲೆ ತಿರುಗಿಸಿ, ಪಕ್ಕೆಲುಬುಗಳ ಮೇಲಿನ ತೊಗಲನ್ನು ಬೀಸಣಿಗೆಯಂತೆ ಹರಡಿಕೊಂಡು, ಸದ್ದಿಲ್ಲದೆ ಮುಂದಿನ ಸಾಲಿನ ಮರಕ್ಕೆ ಜಾರಿ ಹೋಯಿತು.

ನನ್ನ ಕೈ ನಡುಗುತ್ತಿತ್ತು. ಸ್ವಲ್ಪ ದೂರದಲ್ಲಿ ತೋಟದ ಕೆಲಸದವರೊಬ್ಬರು ಕಳೆ ಸವರುತ್ತಿದ್ದರು. ಅವರನ್ನು ಕರೆದು, ಈಗಷ್ಟೇ ಹಾರುವ ಓತಿಯನ್ನು ಕಂಡೆ ಎಂದು ಹೇಳಿದೆ. ಅವರು ಕತ್ತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದರು.

“ಅದಾ? ಅದು ದಿನಾ ಇದೇ ಸಾಲಲ್ಲಿ ಇರತ್ತೆ” ಎಂದರು. “ಬಿಸಿಲು ಏರಿದ ಮೇಲೆ ಈ ಮರದಿಂದ ಆ ಮರಕ್ಕೆ ಹೋಗತ್ತೆ. ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಹೆಣ್ಣೂ ಒಂದು ಇದೆ, ತೋರಿಸ್ತೀನಿ.”

ನಾವಿಬ್ಬರೂ ಅಡಿಕೆ ಹಾಳೆಯ ಮೇಲೆ ಕುಳಿತೆವು.